ಅಬ್ಬರದವರು ಕಿಸಕ್ಕನೆ ನಕ್ಕಾಗ

2017ರ ಜನವರಿಯಲ್ಲಿ ಮೆಟಲ್ ಸಂಗೀತದ ಅಭಿಮಾನಿಯೊಬ್ಬರು ಒಂದು ಮನವಿ ಬರೆದು ಇಂಟರ್‌ನೆಟ್ಟಿನಲ್ಲಿ ಸಹಿ ಸಂಗ್ರಹಕ್ಕೆ ಇಟ್ಟರು. ಬೇಡಿಕೆ ಒಂದೇ. ಸೂಯಿಸೈಡ್ ಸೈಲೆನ್ಸ್ ಎಂಬ ಬ್ಯಾಂಡ್‌ನ ಹೊಸ ಆಲ್ಬಂ ಹೊರಗೆ ಬರಕೂಡದು. ಸಹಿ ಹಾಕಿದವರು ಈ ಬ್ಯಾಂಡ್‌ನ ವಿರೋಧಿಗಳಾಗಿದ್ದರೆ ಸುದ್ದಿಯೇ ಆಗುತ್ತಿರಲಿಲ್ಲ. ಹೆಚ್ಚಿನವರು ಬ್ಯಾಂಡ್‌ನ ಟೀ ಶರ್ಟ್ ಹಾಕಿಕೊಂಡು ಓಡಾಡಿದವರೇ. ಆಲ್ಬಂ ಬಿಡುಗಡೆಯಾಗುವುದಕ್ಕೆ ಇನ್ನೂ ವಾರಗಳಿದ್ದವು. ಅವರ ಕೈಗೆ ಸಿಕ್ಕಿದ್ದು ‘ಡೋರಿಸ್’ ಎಂಬ ಒಂದೇ ಒಂದು ಹಾಡು.

ಆ ಹಾಡಿನಲ್ಲೂ ಎಲ್ಲರ ಕಿವಿಗೆ ಚುಚ್ಚಿದ್ದು ಕೆಲವೇ ಸೆಕೆಂಡುಗಳ ಭಾಗ. ಗಂಟಲು ಹರಿಯುವಂತೆ ಅರಚಿಕೊಂಡು ಬಂದ ಗಾಯಕ ಎಡ್ಡಿ ಹರ್ಮಿಡಾ ನಡುವೆ ಇದ್ದಕ್ಕಿದ್ದಂತೆ ದನಿಯನ್ನು ತೆಳ್ಳಗೆ ಮಾಡಿ ಮೇಲಕ್ಕೆ ಎಳೆಯುತ್ತಾನೆ. ಅಲ್ಲೊಂದು ಕಡೆ ಚಿಕ್ಕ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕ ಹಾಗೆ ಕೇಳಿಸುತ್ತದೆ. ಅಷ್ಟೇ. ಆ ನಗು ತುಂಡಾಗಿ, ಮೀಮ್ ಆಗಿ, ಅಣಕವಾಗಿ ಹಬ್ಬಿತು. ಫೆಬ್ರವರಿ 24ರಂದು ಆಲ್ಬಂ ಬಂದಾಗ ಅದನ್ನು ಪೂರ್ತಿ ಕೇಳಿದವರಿಗಿಂತ ಆ ನಗುವನ್ನು ಕೇಳಿದವರೇ ಹೆಚ್ಚಿದ್ದರೇನೋ.

ಡೆತ್‌ಕೋರ್ ಎಂಬ ಪ್ರಕಾರದ ಚರಿತ್ರೆಯಲ್ಲಿ ಇಷ್ಟು ಬೈಸಿಕೊಂಡ ಇನ್ನೊಂದು ಆಲ್ಬಂ ನನಗೆ ತಿಳಿದಿಲ್ಲ. ಬೈದವರ ಪರವಾಗಿ ಹೇಳುವುದಕ್ಕೂ ಮಾತಿದೆ, ಬೈಸಿಕೊಂಡವರ ಪರವಾಗಿಯೂ ಇದೆ. ಎರಡರ ತೂಕ ಮಾತ್ರ ಒಂದೇ ಅಲ್ಲ.

ಯಾವುದು ಈ ಡೆತ್‌ಕೋರ್?

ಡೆತ್ ಮೆಟಲ್ ಮತ್ತು ಹಾರ್ಡ್‌ಕೋರ್ ಪಂಕ್ ಎಂಬ ಎರಡು ಉಗ್ರ ಸಂಗೀತಗಳ ಕೂಡಿಕೆ ಇದು. ಡೆತ್ ಮೆಟಲ್‌ನಿಂದ ಬಂದದ್ದು ಗುಟುರು ಹಾಕುವ ದನಿ, ಕೆಳಸ್ಥಾಯಿಗೆ ಇಳಿಸಿದ ಗಿಟಾರು ಮತ್ತು ಡ್ರಮ್ಮಿನ ಮೇಲೆ ಮಳೆಗರೆದಂತೆ ಬೀಳುವ ಬ್ಲಾಸ್ಟ್ ಬೀಟ್. ಹಾರ್ಡ್‌ಕೋರ್‌ನಿಂದ ಬಂದದ್ದು ಬ್ರೇಕ್‌ಡೌನ್. ಅಂದರೆ ಓಡುತ್ತಿದ್ದ ಹಾಡು ತಟ್ಟನೆ ಅರ್ಧ ವೇಗಕ್ಕೆ ಇಳಿದು, ಎಲ್ಲ ವಾದ್ಯಗಳೂ ಒಂದೇ ಪೆಟ್ಟಿಗೆ ಒಟ್ಟಿಗೆ ಬೀಳುವ ಜಾಗ. ವೇದಿಕೆಯ ಮುಂದೆ ಹುಡುಗರು ಒಬ್ಬರ ಮೇಲೊಬ್ಬರು ಬೀಳುವುದು ಅಲ್ಲಿಯೇ. ನ್ಯೂಯಾರ್ಕಿನ ಸಫೋಕೇಶನ್ ಬ್ಯಾಂಡ್ 1991ರಷ್ಟು ಹಿಂದೆಯೇ ಇದರ ಬೀಜ ಬಿತ್ತಿತ್ತು. 2000ದ ನಂತರ ಮಾಂಟ್ರಿಯಲ್‌ನ ಡಿಸ್‌ಪೈಸ್ಡ್ ಐಕಾನ್, ಓಕ್ಲೆಂಡ್‌ನ ಆಲ್ ಶಲ್ ಪೆರಿಶ್, ಅರಿಜೋನಾದ ಜಾಬ್ ಫಾರ್ ಎ ಕೌಬಾಯ್ ಮುಂತಾದವು ಅದನ್ನು ಒಂದು ಪ್ರಕಾರವನ್ನಾಗಿ ಬೆಳೆಸಿದವು. ಆಗ ಮೈಸ್ಪೇಸ್ ಎಂಬ ಜಾಲತಾಣದ ಕಾಲ. ರೇಡಿಯೋ ಹಾಕದ, ಟೀವಿ ಮುಟ್ಟದ ಈ ಹಾಡುಗಳು ಹದಿಹರೆಯದವರ ಪುಟದಿಂದ ಪುಟಕ್ಕೆ ದಾಟುತ್ತ ಹೋದವು.

ಹಳೆಯ ಮೆಟಲ್ ಕೇಳುಗರಿಗೆ ಇದು ಸೇರಲಿಲ್ಲ. ಹೇರ್‌ಸ್ಟೈಲ್ ಜಾಸ್ತಿ, ಸಂಗೀತ ಕಮ್ಮಿ ಎಂದು ಮೂದಲಿಸಿದರು. ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ನೋಡಿ ಗಂಟಲು ಕಟ್ಟಿಸಿಕೊಂಡ ಪೀಳಿಗೆಯವರ ಎದುರು ಡೆತ್‌ಕೋರ್ ಮಾತೆತ್ತಿದರೆ ಇವತ್ತಿಗೂ ಕೆಲವರು ಮೂಗು ಮುರಿಯುತ್ತಾರೆ. ಇದನ್ನು ಇಲ್ಲಿ ಹೇಳಲು ಕಾರಣವಿದೆ. ‘ಇದು ನಿಜವಾದ ಮೆಟಲ್ಲೇ ಅಲ್ಲ’ ಎಂಬ ಮಾತು ಕೇಳಿ ಬೆಳೆದ ಅಭಿಮಾನಿ ಬಳಗವೇ ಮುಂದೆ ತನ್ನ ಬ್ಯಾಂಡಿಗೆ ‘ಇದು ಡೆತ್‌ಕೋರೇ ಅಲ್ಲ’ ಎಂದು ಬಾಗಿಲು ಹಾಕಿತು.

ಲಕರ್ ಬಿಟ್ಟು ಹೋದ ಜಾಗ

ಸೂಯಿಸೈಡ್ ಸೈಲೆನ್ಸ್ ಹುಟ್ಟಿದ್ದು 2002ರಲ್ಲಿ, ಲಾಸ್ ಏಂಜಲೀಸ್‌ನ ಪೂರ್ವಕ್ಕಿರುವ ರಿವರ್‌ಸೈಡ್‌ನಲ್ಲಿ. ಹಾಲಿವುಡ್ಡಿನ ಹೊಳಪಾಗಲೀ ಕಡಲ ದಂಡೆಯಾಗಲೀ ಇಲ್ಲದ ಒಳನಾಡು. ಗಿಟಾರಿಸ್ಟ್ ಕ್ರಿಸ್ ಗಾರ್ಜಾ ಬ್ಯಾಂಡ್ ಕಟ್ಟಿದವರಲ್ಲೊಬ್ಬ. ಆದರೆ ಜನ ನೋಡಿದ್ದು ಗಾಯಕ ಮಿಚ್ ಲಕರ್‌ನನ್ನು. ಕತ್ತಿನಿಂದ ಬೆರಳ ತುದಿಯವರೆಗೆ ಹಚ್ಚೆ, ತೆಳ್ಳನೆಯ ಮೈ, ವೇದಿಕೆಯ ಮೇಲೆ ಸೊಂಟದಿಂದ ಬಗ್ಗಿ ನೆಲಕ್ಕೆ ಅರಚುವ ಭಂಗಿ. 2007ರ ಸೆಪ್ಟೆಂಬರಿನಲ್ಲಿ ಬಂದ ಮೊದಲ ಆಲ್ಬಂ ‘ದ ಕ್ಲೆನ್ಸಿಂಗ್’ ಬಿಲ್‌ಬೋರ್ಡ್ 200ರ ಪಟ್ಟಿಯಲ್ಲಿ 94ನೇ ಸ್ಥಾನಕ್ಕೆ ಏರಿತು. ಈ ಬಗೆಯ ಸಂಗೀತಕ್ಕೆ ಅದು ಸಣ್ಣ ಮಾತಲ್ಲ. 2009ರ ‘ನೋ ಟೈಮ್ ಟು ಬ್ಲೀಡ್’ 32ಕ್ಕೂ 2011ರ ‘ದ ಬ್ಲ್ಯಾಕ್ ಕ್ರೌನ್’ 28ಕ್ಕೂ ತಲುಪಿದವು.

‘ದ ಬ್ಲ್ಯಾಕ್ ಕ್ರೌನ್’ ಅನ್ನು ಈಗ ಮತ್ತೆ ಕೇಳಿದರೆ 2017ರ ಜಗಳದ ಸುಳಿವು ಅಲ್ಲೇ ಸಿಗುತ್ತದೆ. ಅದರ ಅತಿಥಿ ಗಾಯಕರಲ್ಲಿ ಇಬ್ಬರನ್ನು ಗಮನಿಸಿ. ಒಬ್ಬ ಸಫೋಕೇಶನ್‌ನ ಫ್ರ್ಯಾಂಕ್ ಮುಲೆನ್, ಡೆತ್ ಮೆಟಲ್‌ನ ಹಿರಿಯ. ಇನ್ನೊಬ್ಬ ಕಾರ್ನ್ ಬ್ಯಾಂಡ್‌ನ ಜೊನಾಥನ್ ಡೇವಿಸ್, 90ರ ದಶಕದ ನು ಮೆಟಲ್‌ನ ಮುಖ. ಅಂದರೆ ಈ ಹುಡುಗರು ತಾವು ಯಾರ ಮಕ್ಕಳು ಎಂಬುದನ್ನು ಮುಚ್ಚಿಟ್ಟವರೇ ಅಲ್ಲ. ಅವರ ಗಿಟಾರಿನ ಕುಪ್ಪಳಿಸುವ ಲಯದಲ್ಲಿ ಕಾರ್ನ್ ಮೊದಲಿನಿಂದಲೂ ಇತ್ತು. ಕೇಳುಗರಿಗೆ ಅದು ಹಿಡಿಸಿಯೂ ಇತ್ತು.

2012ರ ಅಕ್ಟೋಬರ್ 31ರ ರಾತ್ರಿ ಕ್ಯಾಲಿಫೋರ್ನಿಯಾದ ಹಂಟಿಂಗ್‌ಟನ್ ಬೀಚ್‌ನಲ್ಲಿ ಲಕರ್‌ನ ಮೋಟಾರ್‌ಸೈಕಲ್ ಅಪಘಾತಕ್ಕೀಡಾಯಿತು. ಮರುದಿನ ಬೆಳಗಾಗುವಷ್ಟರಲ್ಲಿ ಆತ ಇರಲಿಲ್ಲ. ವಯಸ್ಸು 28. ಆ ಡಿಸೆಂಬರಿನಲ್ಲಿ ಪೊಮೋನಾದಲ್ಲಿ ನಡೆದ ಸ್ಮರಣ ಕಾರ್ಯಕ್ರಮದಲ್ಲಿ ಬೇರೆ ಬೇರೆ ಬ್ಯಾಂಡ್‌ಗಳ ಗಾಯಕರು ಸರದಿಯಂತೆ ಬಂದು ಅವನ ಹಾಡುಗಳನ್ನು ಹಾಡಿದರು. ಅವರಲ್ಲೊಬ್ಬ ಆಲ್ ಶಲ್ ಪೆರಿಶ್‌ನ ಎಡ್ಡಿ ಹರ್ಮಿಡಾ. ಮರುವರ್ಷ ಅವನೇ ಸೂಯಿಸೈಡ್ ಸೈಲೆನ್ಸ್‌ನ ಗಾಯಕನಾದ. 2014ರಲ್ಲಿ ಬಂದ ‘ಯೂ ಕಾಂಟ್ ಸ್ಟಾಪ್ ಮಿ’ ಆಲ್ಬಂನ ಶೀರ್ಷಿಕೆ ಹಾಡಿನ ಸಾಹಿತ್ಯ ಲಕರ್ ಬರೆದಿಟ್ಟು ಹೋದದ್ದು. ಕೇಳುಗರು ಹೊಸಬನನ್ನು ಅಪ್ಪಿಕೊಂಡರು. ಆಲ್ಬಂ ಬಿಲ್‌ಬೋರ್ಡಿನ 16ನೇ ಸ್ಥಾನಕ್ಕೆ ಹೋಯಿತು, ಬ್ಯಾಂಡ್ ಅದುವರೆಗೆ ಕಾಣದ ಎತ್ತರ ಅದು.

ಆದರೆ ಆ ಅಪ್ಪುಗೆಯಲ್ಲಿ ಒಂದು ಕರಾರು ಅಡಗಿತ್ತು ಎಂದು ನನಗನಿಸುತ್ತದೆ. ಲಕರ್‌ನ ಕುರ್ಚಿಯಲ್ಲಿ ಕೂತವನು ಲಕರ್ ಹಾಕಿದ ಗೆರೆ ದಾಟಬಾರದು. ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ರಾಬಿನ್ಸನ್ ಕೈಗೆ ಸಿಕ್ಕ ಮೇಲೆ

ಐದನೇ ಆಲ್ಬಂಗೆ ಬ್ಯಾಂಡ್‌ನವರು ಆರಿಸಿಕೊಂಡ ನಿರ್ಮಾಪಕ ರಾಸ್ ರಾಬಿನ್ಸನ್. 1994ರ ಕಾರ್ನ್‌ನ ಮೊದಲ ಆಲ್ಬಂ, 1996ರಲ್ಲಿ ಸೆಪುಲ್ಟುರಾದ ‘ರೂಟ್ಸ್’, 1999ರಲ್ಲಿ ಸ್ಲಿಪ್‌ನಾಟ್‌ನ ಚೊಚ್ಚಲು, 2000ದಲ್ಲಿ ಆ್ಯಟ್ ದ ಡ್ರೈವ್-ಇನ್‌ನ ‘ರಿಲೇಶನ್‌ಶಿಪ್ ಆಫ್ ಕಮಾಂಡ್’ ಎಲ್ಲವೂ ಅವನ ಕೈಯಿಂದ ಬಂದವು. ಅವನ ಪದ್ಧತಿ ಹೆಸರುವಾಸಿ. ಸ್ವರ, ತಾಳದ ಲೆಕ್ಕಕ್ಕಿಂತ ಮುಂಚೆ ಸಂಗೀತಗಾರನನ್ನು ಕೂರಿಸಿಕೊಂಡು ಈ ಹಾಡು ಯಾವ ಗಾಯದಿಂದ ಬಂತು ಎಂದು ಕೆದಕುತ್ತಾನೆ. ಕಾರ್ನ್‌ನ ಆ ಆಲ್ಬಂನ ಕೊನೆಯ ಹಾಡಿನಲ್ಲಿ ಬಾಲ್ಯದ ನೋವು ನೆನೆದು ಡೇವಿಸ್ ಬಿಕ್ಕಿಬಿಕ್ಕಿ ಅತ್ತಾಗ ರಾಬಿನ್ಸನ್ ಟೇಪ್ ನಿಲ್ಲಿಸಲಿಲ್ಲ. ಆ ಅಳು ಹಾಗೆಯೇ ಆಲ್ಬಂನಲ್ಲಿ ಉಳಿಯಿತು. ಕೇಳಿದವರು ಮರೆಯುವುದಿಲ್ಲ.

ಇಂಥವನ ಬಳಿ ಡೆತ್‌ಕೋರ್ ಬ್ಯಾಂಡ್ ಹೋದರೆ ಏನಾಗುತ್ತದೆ? ಈ ಪ್ರಕಾರದ ರೆಕಾರ್ಡಿಂಗ್ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ಡ್ರಮ್ಮರ್‌ನ ಕಿವಿಯಲ್ಲಿ ಕ್ಲಿಕ್ ಟ್ರ್ಯಾಕ್ ಟಿಕ್‌ಟಿಕ್ ಎನ್ನುತ್ತಿರುತ್ತದೆ. ಅವನು ಬಾರಿಸಿದ್ದನ್ನು ಆಮೇಲೆ ಕಂಪ್ಯೂಟರಿನಲ್ಲಿ ಕೂದಲೆಳೆ ಆಚೀಚೆಯಾಗದಂತೆ ಕೂರಿಸುತ್ತಾರೆ. ಗಿಟಾರುಗಳನ್ನು ತುಂಡು ತುಂಡಾಗಿ ನುಡಿಸಿ ಜೋಡಿಸುತ್ತಾರೆ. ಕೃತಕ ಎಂದು ಬೈಯಬಹುದು, ಆದರೆ ಅದಕ್ಕೊಂದು ಕಾರಣವಿದೆ. ಕಿಕ್ ಡ್ರಮ್, ಬೇಸ್, ಎರಡು ಗಿಟಾರು ಒಂದೇ ಕ್ಷಣಕ್ಕೆ ಬಿದ್ದರೆ ಮಾತ್ರ ಬ್ರೇಕ್‌ಡೌನ್ ಎದೆಗೆ ಗುದ್ದುತ್ತದೆ. ಒಂದಿಷ್ಟು ಹಿಂದುಮುಂದಾದರೂ ಗುದ್ದು ಸಡಿಲವಾಗಿ ಸದ್ದಾಗಿ ಮಾತ್ರ ಉಳಿಯುತ್ತದೆ. ರಾಬಿನ್ಸನ್‌ಗೆ ಈ ಬಿಗಿತವೇ ಬೇಡವಾಗಿತ್ತು. ಎಲ್ಲರೂ ಒಟ್ಟಿಗೆ ನಿಂತು ನುಡಿಸಿದಾಗ ಹುಟ್ಟುವ ಅಂಕುಡೊಂಕು, ಬೆವರು, ಉಸಿರು ಬೇಕಾಗಿತ್ತು. ಅದು ಸಿಕ್ಕಿತು ಕೂಡ. ಅದಕ್ಕೆ ತೆತ್ತದ್ದು ಆ ಗುದ್ದನ್ನು.

ಆಲ್ಬಂನ ಹೆಸರೂ ಬ್ಯಾಂಡಿನದ್ದೇ, ‘ಸೂಯಿಸೈಡ್ ಸೈಲೆನ್ಸ್’. ಒಂಬತ್ತು ಹಾಡು, ಸುಮಾರು ಮುಕ್ಕಾಲು ಗಂಟೆ. ಮೊದಲನೆಯದೇ ‘ಡೋರಿಸ್’. ಅದರ ಆರಂಭದ ಗಿಟಾರು ಭಾಗ ಕೆಟ್ಟದ್ದೇನಲ್ಲ, ಕಾರ್ನ್ ಕೇಳಿದವರು ತಲೆಯಾಡಿಸುತ್ತಾರೆ. ಎಡವಟ್ಟು ಶುರುವಾಗುವುದು ಹರ್ಮಿಡಾ ದನಿ ಬದಲಿಸಿದಾಗ. ಗುಟುರಿನಿಂದ ಹಾಡಿಗೆ ಬರುವ ದಾರಿಯಲ್ಲಿ ಅವನಿಗೆ ಮೆಟ್ಟಿಲು ಸಿಗುವುದಿಲ್ಲ, ಜಿಗಿಯುತ್ತಾನೆ. ಸ್ವರಕ್ಕೆ ತಲುಪುವ ಮೊದಲೇ ದನಿ ಒಡೆಯುತ್ತದೆ. ರಾಬಿನ್ಸನ್ ಅದನ್ನು ಪ್ರಾಮಾಣಿಕತೆ ಎಂದು ಉಳಿಸಿಕೊಂಡಂತಿದೆ. ನನ್ನ ಕಿವಿಗೆ ಅದು ರಿಯಾಜಿನ ಕೊರತೆ. ‘ಸೈಲೆನ್ಸ್’ ಮತ್ತು ‘ರನ್’ ಹಾಡುಗಳಲ್ಲೂ ಇದೇ ತೊಡಕು. ಎತ್ತುಗಡೆ ಚೆನ್ನಾಗಿರುತ್ತದೆ, ಪಲ್ಲವಿಗೆ ಬಂದಾಗ ದನಿ ಕೈಕೊಡುತ್ತದೆ.

ನಾಲ್ಕನೇ ಹಾಡು ‘ಡೈಯಿಂಗ್ ಇನ್ ಎ ರೆಡ್ ರೂಮ್’ ಬೇರೆಯೇ. ನಿಧಾನದ ಗತಿ, ಮಂಜು ಕವಿದಂಥ ಗಿಟಾರು, ಕಿರುಚಾಟಕ್ಕೆ ಅವಸರವಿಲ್ಲ. ಹರ್ಮಿಡಾ ಇಲ್ಲಿ ತನ್ನ ದನಿಯ ಅಳತೆ ಅರಿತು ಹಾಡಿದ್ದಾನೆ, ಬಾರದ ಎತ್ತರಕ್ಕೆ ಕೈಚಾಚುವುದಿಲ್ಲ. ಡೆಫ್ಟೋನ್ಸ್ ಬ್ಯಾಂಡ್‌ನ ನೆರಳಿದೆ, ಇರಲಿ. ಆಲ್ಬಂ ಪೂರ್ತಿ ಹೀಗಿದ್ದಿದ್ದರೆ ನಾವು ಇವತ್ತು ಬೇರೆ ಲೇಖನ ಓದುತ್ತಿದ್ದೆವು. ‘ಕನ್‌ಫರ್ಮಿಟಿ’ ಇನ್ನೂ ಮೆದುವಾದದ್ದು, ಹೆಚ್ಚುಕಡಿಮೆ ಬ್ಯಾಲಡ್. ಅಲ್ಲಿ ಮಾರ್ಕ್ ಹೇಲ್ಮನ್‌ನ ಗಿಟಾರು ಗಾಯಕನಿಗಿಂತ ಚೆನ್ನಾಗಿ ಹಾಡುತ್ತದೆ. ಕಡೆಯ ಹಾಡು ಹಳೆಯ ಆವೇಶವನ್ನೇ ಹೊತ್ತು ಬರುತ್ತದೆ. ಆದರೆ ಎಂಟು ಹಾಡು ದಾಟಿ ಅಲ್ಲಿಗೆ ಬರುವಷ್ಟು ತಾಳ್ಮೆ ಆಗ ಎಷ್ಟು ಜನರಿಗಿತ್ತು?

ತೀರ್ಪು ಮೊದಲು, ವಿಚಾರಣೆ ಆಮೇಲೆ

ಮೊದಲ ವಾರ ಅಮೆರಿಕದಲ್ಲಿ ಆಲ್ಬಂನ ಐದು ಸಾವಿರ ಪ್ರತಿಯೂ ಹೋಗಲಿಲ್ಲ. 2014ರ ಆಲ್ಬಂ ಮೊದಲ ವಾರ ಕಂಡ ಮಾರಾಟದ ಮೂರನೇ ಒಂದು ಪಾಲಿನ ಆಸುಪಾಸು. ವಿಮರ್ಶಕರಲ್ಲಿ ಕೆಲವರು ಧೈರ್ಯ ಮೆಚ್ಚಿದರು. ಬಹಳ ಮಂದಿ ಧೈರ್ಯವಿದ್ದರೆ ಸಾಲದು, ಹಾಡೂ ಇರಬೇಕು ಎಂದರು. ಬ್ಯಾಂಡ್‌ನವರು ಸಂದರ್ಶನಗಳಲ್ಲಿ ಸಮರ್ಥಿಸಿಕೊಂಡಷ್ಟೂ ಅಣಕ ಹೆಚ್ಚಾಯಿತು.

ಅಭಿಮಾನಿಗಳು ಬದಲಾವಣೆಯನ್ನೇ ಸಹಿಸರು ಎಂಬ ವಿವರಣೆ ಆಗ ಓಡಾಡಿತು. ಅನುಕೂಲಕರವಾದ ವಿವರಣೆ. ಅದು ನಿಲ್ಲುವುದಿಲ್ಲ ಎಂಬುದಕ್ಕೆ ಟೆನೆಸ್ಸಿಯ ವೈಟ್‌ಚಾಪೆಲ್ ಬ್ಯಾಂಡ್ ಸಾಕ್ಷಿ. ಅವರೂ ಡೆತ್‌ಕೋರ್‌ನ ಮೊದಲ ಸಾಲಿನವರು. ಗಾಯಕ ಫಿಲ್ ಬೋಜ್‌ಮನ್‌ನ ಗುಟುರಿಗೆ ದೊಡ್ಡ ಹೆಸರು. 2016ರ ‘ಮಾರ್ಕ್ ಆಫ್ ದ ಬ್ಲೇಡ್’ ಆಲ್ಬಂನಲ್ಲಿ ಆತ ಮೊದಲ ಸಲ ಗುಟುರು ಬಿಟ್ಟು ತಿಳಿದನಿಯಲ್ಲಿ ಹಾಡಿದ. ಅಷ್ಟಕ್ಕೇ ಗೊಣಗಾಟವಾಯಿತು. 2019ರ ‘ದ ವ್ಯಾಲಿ’ಯಲ್ಲಿ ಅವನು ಮತ್ತೆ ಹಾಡಿದ, ‘ಹಿಕರಿ ಕ್ರೀಕ್’ ಎಂಬ ಒಂದು ಹಾಡನ್ನಂತೂ ಆದಿಯಿಂದ ಅಂತ್ಯದವರೆಗೆ ಅರಚದೆ ಹಾಡಿದ. ಆ ಆಲ್ಬಂನ ಹಿಂದಿರುವುದು ಅವನದೇ ಬಾಲ್ಯ, ಮಾನಸಿಕ ಕಾಯಿಲೆಯಿಂದ ನರಳಿದ ಅವನ ತಾಯಿಯ ನೆನಪು. ಸೂಯಿಸೈಡ್ ಸೈಲೆನ್ಸ್‌ಗೆ ಉಗಿದ ಕೇಳುಗರೇ ಅದನ್ನು ಎದೆಗೆ ಒತ್ತಿಕೊಂಡರು. ನಡುವೆ ಕಳೆದದ್ದು ಕೇವಲ ಎರಡು ವರ್ಷ. ಇಂಗ್ಲೆಂಡಿನ ಬ್ರಿಂಗ್ ಮಿ ದ ಹೊರೈಜನ್ ಕೂಡ 2006ರಲ್ಲಿ ಡೆತ್‌ಕೋರ್ ಆಲ್ಬಂನಿಂದಲೇ ಶುರು ಮಾಡಿ, ಒಂದೊಂದೇ ಆಲ್ಬಂನಲ್ಲಿ ಜಾರುತ್ತ ಜಾರುತ್ತ ಇವತ್ತು ಭಾರೀ ಅರೀನಾಗಳನ್ನು ತುಂಬಿಸುವ ಬ್ಯಾಂಡ್ ಆಗಿದೆ.

ಗಂಟಲಿನ ಲೆಕ್ಕವೂ ಇಲ್ಲಿ ಬರುತ್ತದೆ. ಗುಟುರು ಹಾಕುವವರು ಬಹುಮಟ್ಟಿಗೆ ಬಳಸುವುದು ಸ್ವರತಂತುಗಳ ಮೇಲಿರುವ ಹುಸಿ ತಂತುಗಳನ್ನು. ಅಲ್ಲಿ ಶ್ರುತಿಯ ಗೊಡವೆ ಕಡಿಮೆ, ಉಸಿರಿನ ಒತ್ತಡ ಮತ್ತು ಬಾಯಿಯ ಆಕಾರವೇ ಎಲ್ಲ. ಹತ್ತು ವರ್ಷ ಗುಟುರಿನಲ್ಲಿ ಪಳಗಿದ ಗಾಯಕ ಶ್ರುತಿಗೆ ಬಂದ ದಿನ ಹೊಸ ವಿದ್ಯಾರ್ಥಿ. ಬೋಜ್‌ಮನ್ ಅದನ್ನು ಒಪ್ಪಿಕೊಂಡವನಂತೆ ಸ್ವಲ್ಪಸ್ವಲ್ಪವೇ ಮುಂದೆ ಬಂದ. ಹರ್ಮಿಡಾ ಒಂದೇ ಆಲ್ಬಂನಲ್ಲಿ ಕಛೇರಿ ಕೊಡಲು ಹೊರಟ.

ನಮ್ಮವರಿಗೆ ಇಂಥ ಜಗಳ ಹೊಸದಲ್ಲ. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಘರಾಣೆಯ ಬೇಲಿಗೆ ಒಳಪಡಲು ಒಪ್ಪದೆ ಹಾಡಿದಾಗ ಸಂಪ್ರದಾಯಸ್ಥರು ಕೆರಳಿದ್ದರು. ಕ್ಷಯ ಹಿಡಿದು ವರ್ಷಗಳ ಕಾಲ ಹಾಡಲಾಗದೆ ಮಲಗಿದ್ದಾಗಲೂ ಅವರ ಮನಸ್ಸು ಮಾಳವದ ಜಾನಪದವನ್ನು ಕೇಳುತ್ತ ಅರಗಿಸಿಕೊಳ್ಳುತ್ತಿತ್ತು. ಎದ್ದು ಬಂದು ಹಾಡಿದ್ದನ್ನು ಒಪ್ಪದವರಿಗೂ ಅದನ್ನು ಅರೆಬೆಂದದ್ದು ಎನ್ನಲಾಗಲಿಲ್ಲ. ಹರ್ಮಿಡಾನನ್ನು ಅವರ ಪಕ್ಕ ನಿಲ್ಲಿಸುವ ಉದ್ಧಟತನ ನನಗಿಲ್ಲ. ಬೇಲಿ ಹಾರುವವನಿಗೆ ಆಚೆ ಬದಿಯ ನೆಲ ಗೊತ್ತಿರಬೇಕು ಎಂದಷ್ಟೇ ನನ್ನ ಮಾತು.

ಹಾಗೆಂದು ಸಹಿ ಸಂಗ್ರಹಿಸಿದವರಿಗೆ ಚಪ್ಪಾಳೆ ಹೊಡೆಯುವುದಕ್ಕೂ ಸಾಧ್ಯವಿಲ್ಲ. ಕೆಟ್ಟ ಆಲ್ಬಂ ಕೊಳ್ಳದಿರುವುದು ಕೇಳುಗನ ಹಕ್ಕು, ಕೇಳಿ ಉಗಿಯುವುದೂ ಹಕ್ಕು. ಬಿಡುಗಡೆಯನ್ನೇ ತಡೆಯಿರಿ ಎನ್ನುವುದು ಇನ್ನೊಂದು ಜಾತಿಯ ಮಾತು. ಆ ಸಿಟ್ಟಿನ ಬೇರು ಬರೀ ಸಂಗೀತದಲ್ಲಿರಲಿಲ್ಲ. ಬ್ಯಾಂಡ್ ತನ್ನ ಹೆಸರನ್ನೇ ಆಲ್ಬಂಗೆ ಇಟ್ಟಾಗ, ನಾವು ನಿಜಕ್ಕೂ ಯಾರೆಂಬುದು ಇದರಲ್ಲಿದೆ ಎಂದು ಸಾರಿದಂತಾಯಿತು. ಹಾಗಾದರೆ ಲಕರ್ ಹಾಡಿದ ಮೂರು ಆಲ್ಬಂ ಏನು? ಅವನ ಮುಖವನ್ನು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡವರು ಏನು ಮಾಡಬೇಕು? ಈ ಪ್ರಶ್ನೆ ಯಾರೂ ಕೇಳಲಿಲ್ಲ. ಕಿಸಕ್ ನಗುವನ್ನು ಹಂಚಿಕೊಳ್ಳುವುದು ಅದಕ್ಕಿಂತ ಸುಲಭವಿತ್ತು. ನಾಲ್ಕು ವರ್ಷ ಕಳೆದರೂ ಮುಗಿಯದ ಸೂತಕದಲ್ಲಿದ್ದವರ ಮುಂದೆ ಬಂದು ಬ್ಯಾಂಡ್ ನಕ್ಕಂತಾಗಿತ್ತು, ಅವರು ಸಹಿಸಲಿಲ್ಲ.

ಬ್ಯಾಂಡ್‌ನವರಿಗೆ ಇದು ಹೊಳೆಯಲಿಲ್ಲವೆಂದು ನಾನು ನಂಬಲಾರೆ. ಹೊಳೆದೂ ಆ ಹೆಸರಿಟ್ಟಿದ್ದರೆ ಅದು ಸೊಕ್ಕೂ ಇರಬಹುದು, ನೆರಳಿನಿಂದ ಹೊರಬರುವ ಹತಾಶೆಯೂ ಇರಬಹುದು. ಸತ್ತ ಗೆಳೆಯನ ಹಾಡುಗಳನ್ನು ವರ್ಷಗಟ್ಟಲೆ ಊರೂರಿಗೆ ಹೊತ್ತು ಹಾಡಿದವರಿಗೆ ಒಮ್ಮೆ ತಮ್ಮದೇ ಎನ್ನುವಂಥದ್ದೇನಾದರೂ ಬೇಕೆನಿಸಿದರೆ ತಪ್ಪು ಹಿಡಿಯುವುದು ಕಷ್ಟ. ಬಯಕೆ ಸರಿಯಿತ್ತು, ಹಾಡುಗಳು ಅದಕ್ಕೆ ತಕ್ಕಂತೆ ಪಕ್ವವಾಗಿರಲಿಲ್ಲ.

ಮುಂದಿನದು ಬೇಗ ಹೇಳಿ ಮುಗಿಯುವಂಥದ್ದು. 2020ರ ಫೆಬ್ರವರಿಯಲ್ಲಿ ‘ಬಿಕಮ್ ದ ಹಂಟರ್’ ಬಂತು. ನಿರ್ಮಾಪಕ ‘ದ ಬ್ಲ್ಯಾಕ್ ಕ್ರೌನ್’ ಮಾಡಿದ್ದ ಸ್ಟೀವ್ ಎವೆಟ್ಸ್. ತಿಳಿದನಿ ಹಿಂದೆ ಸರಿಯಿತು, ಬ್ರೇಕ್‌ಡೌನ್ ಮರಳಿತು, ಕೇಳುಗರೂ ಸಮಾಧಾನಗೊಂಡರು. 2023ರಲ್ಲಿ ಮೊದಲ ಮೂರು ಆಲ್ಬಂ ತಂದಿದ್ದ ಸೆಂಚುರಿ ಮೀಡಿಯಾ ಕಂಪನಿಗೇ ವಾಪಸಾಗಿ ‘ರಿಮೆಂಬರ್... ಯೂ ಮಸ್ಟ್ ಡೈ’ ತಂದರು. ಎರಡೂ ಗಟ್ಟಿ ಆಲ್ಬಂಗಳು. ಎರಡರಲ್ಲೂ ಯಾರಿಗೂ ಸಿಟ್ಟು ಬರಿಸುವಂಥದ್ದು ಇಲ್ಲ, ಅದೇ ಅವುಗಳ ಬಗ್ಗೆ ನನಗಿರುವ ತಕರಾರು. ಇತ್ತ ಪ್ರಕಾರವೂ ಸುಮ್ಮನೆ ಕೂತಿಲ್ಲ. 2022ರಲ್ಲಿ ನ್ಯೂಜೆರ್ಸಿಯ ಲೋರ್ನಾ ಶೋರ್ ‘ಪೇನ್ ರಿಮೇನ್ಸ್’ ಆಲ್ಬಂನಲ್ಲಿ ಆರ್ಕೆಸ್ಟ್ರಾದ ವೈಭವ ಬೆರೆಸಿ, ಅಗಲಿಕೆಯ ಸಂಕಟವನ್ನು ಮೂರು ಭಾಗಗಳ ಒಂದೇ ದೀರ್ಘ ಹಾಡಾಗಿ ಹಿಗ್ಗಿಸಿದಾಗ ಅದೇ ಬಳಗ ಕಣ್ಣೀರು ಹಾಕಿತು.

ಕೇಳಬೇಕೆನಿಸಿದರೆ ‘ಡೋರಿಸ್’ನಿಂದ ಶುರು ಮಾಡಬೇಡಿ. ಮೊದಲು ‘ದ ಕ್ಲೆನ್ಸಿಂಗ್’ನ ‘ಅನ್‌ಆನ್ಸರ್ಡ್’ ಕೇಳಿ, ಲಕರ್ ಯಾರೆಂದು ತಿಳಿಯುತ್ತದೆ. ಆಮೇಲೆ ‘ದ ಬ್ಲ್ಯಾಕ್ ಕ್ರೌನ್’ನ ‘ಯೂ ಓನ್ಲಿ ಲಿವ್ ಒನ್ಸ್’. ಅದಾದ ಮೇಲೆ 2017ರ ಆಲ್ಬಂಗೆ ಬಂದು ‘ಡೈಯಿಂಗ್ ಇನ್ ಎ ರೆಡ್ ರೂಮ್’ ಹಾಕಿ. ಒಳ್ಳೆಯ ಹೆಡ್‌ಫೋನ್ ಇರಲಿ, ಮನೆಯಲ್ಲಿ ಹಿರಿಯರಿದ್ದರೆ ಖಂಡಿತ ಇರಲಿ. ಆ ಹಾಡು ಹಿಡಿಸಿದರೆ ಉಳಿದ ಎಂಟನ್ನು ಕೇಳುವುದೋ ಬಿಡುವುದೋ ನೀವೇ ನಿರ್ಧರಿಸಿ. ಸಹಿ ಹಾಕುವುದಿದ್ದರೆ ಕೇಳಿದ ಮೇಲೆ ಹಾಕಿ.